ನಾಲ್ಕು ಜೊತೆ ಶೂ

ಆರಿಸುವ ವಿದ್ಯೆ ನನಗೆ ಒಲಿಯಲಿಲ್ಲ. ಇದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುವ ವಯಸ್ಸು ಈಗ ಬಂದಿದೆ. ಸಂತೆಯಲ್ಲಿ ಬದನೆಕಾಯಿಯ ಎರಡು ಗುಡ್ಡೆಗಳ ಮುಂದೆ ನಿಂತು, ಎಡಗಡೆಯದೋ ಬಲಗಡೆಯದೋ ಎಂದು ನಾನು ಯೋಚಿಸುವಷ್ಟರಲ್ಲಿ ಎರಡೂ ಖಾಲಿಯಾಗಿ, ಮಾರುವವಳು ಚೀಲ ಝಾಡಿಸಿಕೊಂಡು ಎದ್ದಿರುತ್ತಾಳೆ. ನನ್ನ ಮದುವೆಯ ಕಾಲಕ್ಕೆ ಸೋದರತ್ತೆ ಎರಡು ಸಂಬಂಧ ತಂದು, "ಯಾವುದು ಬೇಕು ಹೇಳಪಾ" ಎಂದಳು. ನಾನು ಒಂದು ವಾರದ ವಾಯಿದೆ ಕೇಳಿದೆ. ಮೂರನೆಯ ದಿನವೇ ಅತ್ತೆ ತಾನಾಗಿ ನೀಲಮ್ಮನನ್ನು ಗೊತ್ತು ಮಾಡಿ ಬಂದಳು. ನನ್ನ ಬದುಕಿನಲ್ಲಿ ಆದ ಒಳ್ಳೆಯ ತೀರ್ಮಾನಗಳೆಲ್ಲ ಹೀಗೆ ನನ್ನ ವಾಯಿದೆ ಮುಗಿಯುವ ಮೊದಲೇ ಬೇರೆಯವರು ಮಾಡಿದವು. ಇನ್ನು ನನ್ನ ಹೊಟ್ಟೆಪಾಡು ವಕೀಲಿ. ಸುರಪುರದ ಕೋರ್ಟಿನಲ್ಲಿ ಎದುರು ವಕೀಲರು ಚೆನ್ನಾಗಿ ವಾದಿಸಿದರೆ ಅವರು ಹೇಳುವುದೂ ಸರಿಯಲ್ಲವೇ ಎಂದು ನನಗೆ ಅನ್ನಿಸಿಬಿಡುತ್ತಿತ್ತು. ನನ್ನ ಕಕ್ಷಿದಾರರು ಪಾಪ, ನನ್ನ ಬೆನ್ನನ್ನಷ್ಟೇ ನೋಡುತ್ತ ಕೂಡುತ್ತಿದ್ದರು. ಮುಖ ನೋಡಿದ್ದರೆ ಬೇರೆ ವಕೀಲರನ್ನು ಹುಡುಕುತ್ತಿದ್ದರು.

ಇಂಥವನ ಕೈಗೆ ಒಂದು ಕಾರು ಬಂತು. ನಿಜಾಮರ ಸೀಮೆ ಹಿಂದೂಸ್ಥಾನದೊಳಗೆ ಸೇರಿ, ಜಾಗೀರುಗಳು ಹೋಗಿ, ಕಚೇರಿಯ ಉರ್ದು ಮೆಲ್ಲಗೆ ಗಂಟುಮೂಟೆ ಕಟ್ಟುತ್ತಿದ್ದ ದಿನಗಳವು. ನಮ್ಮ ಕಡೆಯ ಒಂದು ಜಾಗೀರಿನ ಮನೆತನ ಹೈದರಾಬಾದಿಗೆ ಹೊರಟು ನಿಂತು ಮನೆಯ ಸಾಮಾನು ಮಾರುತ್ತಿತ್ತು. ಕೇಸಿನ ಕಟ್ಟುಗಳನ್ನಿಡಲು ಒಂದು ಕಪಾಟು ತರುತ್ತೇನೆಂದು ನೀಲಮ್ಮನಿಗೆ ಹೇಳಿ ಹೋದೆ. ಅಲ್ಲಿ ತೇಗದ್ದೊಂದು, ಬೀಟೆಯದ್ದೊಂದು ಕಪಾಟು ಇದ್ದವು. ಮಧ್ಯಾಹ್ನದವರೆಗೆ ಎರಡರ ಬಾಗಿಲನ್ನೂ ತೆರೆಯುತ್ತ ಮುಚ್ಚುತ್ತ ಇದ್ದೆ. ತೀರ್ಮಾನವಾಗದೆ, ಗಾಳಿಗೆಂದು ಹಿತ್ತಲಿಗೆ ಹೋದರೆ ಹುಲ್ಲಿನ ಚಪ್ಪರದ ಕೆಳಗೆ ಅದು ನಿಂತಿತ್ತು. ಹಸಿರು ಬಣ್ಣದ ವಿಲಾಯತಿ ಗಾಡಿ, ರೇಸಿನದು. ಎರಡೇ ಸೀಟು, ತಲೆಯ ಮೇಲೆ ಮುಚ್ಚಳವಿಲ್ಲ, ಮೂತಿ ಮಾತ್ರ ಕುದುರೆಯಷ್ಟು ಉದ್ದ, ಮೂತಿಯ ಮೇಲೆ ಚರ್ಮದ ಬೆಲ್ಟು. ಮನೆಯ ಚಿಕ್ಕ ಯಜಮಾನರು ಹುಡುಗಾಟದ ವಯಸ್ಸಿನಲ್ಲಿ ಮುಂಬಯಿಯಿಂದ ತರಿಸಿದ್ದಂತೆ. ಪಕ್ಕದಲ್ಲಿ ಎರಡನೆಯ ಕಾರು ಇರಲಿಲ್ಲ. ಆದ್ದರಿಂದ ಆರಿಸುವ ತೊಂದರೆಯೇ ಇರಲಿಲ್ಲ. ಕೊಂಡುಬಿಟ್ಟೆ.

ಸಂಜೆ ಗಾಡಿ ಮನೆಯ ಮುಂದೆ ನಿಂತಾಗ ನೀಲಮ್ಮ ಹೊರಗೆ ಬಂದು ಅದರ ಮೂತಿಯಿಂದ ಬಾಲದವರೆಗೆ ಒಂದು ಸುತ್ತು ಹಾಕಿದಳು. "ಕಪಾಟ ಎಲ್ಲಿ ಅದ ರಿ?" ಎಂದಳು. ಅಷ್ಟೇ. ಕೇಸಿನ ಕಟ್ಟುಗಳು ಇಂದಿಗೂ ನೆಲದ ಮೇಲೆಯೇ ಇವೆ.

ಗಾಡಿಯ ಜೊತೆಗೆ ಹುಸೇನಸಾಬರೂ ಬಂದರು. ಅವರನ್ನು ನಾನು ಕೊಂಡಿರಲಿಲ್ಲ, ಕರೆದೂ ಇರಲಿಲ್ಲ. ಆ ಮನೆತನದಲ್ಲಿ ಅದೇ ಗಾಡಿಯನ್ನು ವರ್ಷಗಟ್ಟಲೆ ನಡೆಸಿದ ಡ್ರೈವರು. ಯಜಮಾನರು ಹೈದರಾಬಾದಿಗೆ ಬಾ ಎಂದರೆ, "ಗಾಡಿ ಇಲ್ಲೇ ಇರ್ತದಲ್ರಿ ಹುಜೂರ್" ಎಂದು ಉಳಿದುಬಿಟ್ಟಿದ್ದರು. ಹೆಂಡತಿ ತೀರಿಕೊಂಡಿದ್ದಳು, ಇದ್ದೊಬ್ಬ ಮಗಳು ಹೈದರಾಬಾದಿನಲ್ಲಿ ಗಂಡನ ಮನೆಯಲ್ಲಿದ್ದಳು. ಹುಸೇನಸಾಬರು ಊರಿಗೆ ಹತ್ತಿಕೊಂಡ ರಂಗಂಪೇಟೆಯ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ಬೆಳಗ್ಗೆ ಏಳಕ್ಕೆಲ್ಲ ಇಸ್ತ್ರಿ ಮಾಡಿದ ಖಾಕಿ ಕೋಟು ಹಾಕಿಕೊಂಡು ಬಂದು, ಗಾಡಿ ಒರೆಸಿ, ನಮ್ಮ ಕಟ್ಟೆಯ ಮೇಲೆ ಕೂತು ನೀಲಮ್ಮ ಕೊಟ್ಟ ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು. ಆಮೇಲೆ ನನಗೆ ಪಾಠ. ಗೇರು ಹಾಕುವಾಗ ನಾನು ಎಬ್ಬಿಸುವ ಸದ್ದಿಗೆ ಅವರು ಕಣ್ಣು ಮುಚ್ಚಿ, ತಮ್ಮದೇ ಹಲ್ಲು ನೋಯುತ್ತಿರುವಂತೆ ದವಡೆ ಹಿಡಿದುಕೊಳ್ಳುತ್ತಿದ್ದರು. ಬೈದವರಲ್ಲ. "ಮಶೀನ್ ಅದ ವಕೀಲ್ ಸಾಬ್, ಅದಕ್ಕೂ ಜೀವಾ ಅದ" ಎನ್ನುತ್ತಿದ್ದರು.

ನಮ್ಮ ಸುರಪುರ ಗುಡ್ಡಗಳ ನಡುವೆ ಕುಳಿತ ಊರು. ಯಾವ ಕಡೆ ಹೊರಟರೂ ಒಂದು ಇಳಿಜಾರು ಎದುರಾಗುತ್ತದೆ. ಒಂದು ದಿನ ನಾನೊಬ್ಬನೇ ಧೈರ್ಯ ಮಾಡಿ ಗಾಡಿ ತೆಗೆದುಕೊಂಡು ರಂಗಂಪೇಟೆಯ ಕಡೆ ಇಳಿದೆ. ತಿರುವಿನಲ್ಲಿ ಜೋಳದ ಒಣ ದಂಟು, ಕಣಕಿ ಹೇರಿದ ಎತ್ತಿನ ಬಂಡಿಯೊಂದು ಅಡ್ಡ ನಿಂತಿತ್ತು. ಬ್ರೇಕು ತುಳಿದೆ. ಚಕ್ರದೊಳಗಿಂದ ಯಾರೋ ಹಂಚು ಕೆರೆದಂಥ ಸದ್ದು ಬಂತೇ ಹೊರತು ಗಾಡಿ ನಿಲ್ಲಲಿಲ್ಲ. ಇನ್ನಷ್ಟು ತುಳಿದೆ. ಗಾಡಿ ಯಾವ ಗಡಿಬಿಡಿಯೂ ಇಲ್ಲದೆ ನೆಟ್ಟಗೆ ಹೋಗಿ ತನ್ನ ಉದ್ದ ಮೂತಿಯನ್ನು ಕಣಕಿಯೊಳಗೆ ಹುಗಿದು ನಿಂತಿತು. ನನ್ನ ಟೋಪಿ, ಕೋಟು, ಬಾಯಿ ಎಲ್ಲ ಕಣಕಿ. ಬಂಡಿಯವನು ಭೀಮಣ್ಣನೆಂಬ ಹಾಲುಮತದ ರೈತ. ಅವನು ಇಳಿದು ಬಂದು ಸಾವಕಾಶ ನೋಡಿ, "ವಕೀಲ್ರ, ನಿಮ್ಮ ಗಾಡಿ ಮೇಯಾಕ ಬಂದೈತೇನ್ರಿ?" ಎಂದ. ನಾನು ಮನೆ ಮುಟ್ಟುವ ಮೊದಲೇ ಈ ಮಾತು ಮನೆ ಮುಟ್ಟಿತ್ತು. ನೀಲಮ್ಮ ನನ್ನ ತಲೆಯಿಂದ ಒಂದೊಂದೇ ಕಣಕಿಯ ಚೂರು ಆರಿಸುತ್ತ, "ನಿಂದ್ರಾಕ ಬರಲಾರದ ಗಾಡ್ಯಾಗ ನಾ ಕೂಡಂಗಿಲ್ಲ ನೋಡ್ರಿ. ನೀವೂ ಕೂಡಬ್ಯಾಡ್ರಿ" ಎಂದಳು. ದನಿಯಲ್ಲಿ ಸಿಟ್ಟಿತ್ತು, ಕೈ ಮಾತ್ರ ಎಲ್ಲಾದರೂ ಪೆಟ್ಟಾಗಿದೆಯೇ ಎಂದು ತಡವುತ್ತಿತ್ತು.

ಹುಸೇನಸಾಬರು ಚಕ್ರ ಬಿಚ್ಚಿ ತೋರಿಸಿದರು. ಚಕ್ರದ ಜೊತೆಗೆ ಡ್ರಮ್ಮು ಎಂಬ ಕಬ್ಬಿಣದ ಬೋಗುಣಿಯೊಂದು ತಿರುಗುತ್ತದೆ. ಅದರೊಳಗೆ ಅರ್ಧ ಚಂದ್ರನಂಥ ಎರಡು ತುಂಡುಗಳಿವೆ. ಬ್ರೇಕು ತುಳಿದಾಗ ಅವು ಅಗಲವಾಗಿ ಬೋಗುಣಿಯ ಒಳಮೈಯನ್ನು ಒತ್ತಿ ಹಿಡಿಯುತ್ತವೆ. ಅವಕ್ಕೇ ಶೂ ಎನ್ನುತ್ತಾರೆ. ಶೂಗಳಿಗೆ ಅಟ್ಟೆಯಂತೆ ಹಾಕಿದ ಪಟ್ಟಿ ಸವೆದು ಹೋಗಿ, ಮೊಳೆಗಳು ಎದ್ದು ಡ್ರಮ್ಮನ್ನು ಕೆರೆಯುತ್ತಿದ್ದವು. ಒಂದು ಚಕ್ರಕ್ಕೆ ಒಂದು ಜೊತೆ, ಒಟ್ಟು ನಾಲ್ಕು ಜೊತೆ ಹೊಸ ಶೂ ಬೇಕು. ಮರುದಿನ ವಕೀಲರ ಕೋಣೆಯಲ್ಲಿ, "ನಾಲ್ಕು ಜೊತೆ ಶೂ ಎಲ್ಲಿ ಸಿಗ್ತಾವ್ರಿ?" ಎಂದು ನಾನು ವಿಚಾರಿಸಿದರೆ, ನಮ್ಮ ಹಿರಿಯ ವಕೀಲರೊಬ್ಬರು ಕನ್ನಡಕ ಇಳಿಸಿ ನನ್ನ ಕಾಲು ನೋಡಿ, "ಸ್ವರಾಜ್ಯ ಬಂತು ಖರೇ. ಆದ್ರ ಕಾಲು ಎರಡ ಅವಲ್ಲೋ ತಮ್ಮಾ" ಎಂದರು.

ಯಾದಗಿರಿ ಕೋರ್ಟಿನಲ್ಲಿ ಒಂದು ಕೇಸಿತ್ತು. ಹಳೆಯ ಶೂಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋದೆ. ಸ್ಟೇಷನ್ನಿನ ಹತ್ತಿರ ಲಾರಿಗಳನ್ನು ರಿಪೇರಿ ಮಾಡುವ ನರಸಪ್ಪ ಮೇಸ್ತ್ರಿಯಿದ್ದ. ಗುರುಮಠಕಲ್ ಕಡೆಯವನು, ಅರ್ಧ ಮಾತು ತೆಲುಗಿನಲ್ಲಿ, ಅರ್ಧ ಸುತ್ತಿಗೆಯಲ್ಲಿ ಆಡುವವನು. ಶೂವನ್ನು ಅಂಗೈಯಲ್ಲಿ ತೂಗಿ ನಕ್ಕು, "ಇದೇನ್ರಿ ಸಾರೂ, ಆಟದ ಸಾಮಾನು! ಲಾರಿ ಪಟ್ಟಿ ಕೊಯ್ದು ಬಡೀತೀನಿ. ಆನೆ ಬಂದು ದಬ್ಬಿದ್ರೂ ಗಾಡಿ ಕದಲಂಗಿಲ್ಲ" ಎಂದ. ಬಡಿದೇ ಕೊಟ್ಟ. ಹುಸೇನಸಾಬರು ಮುಖ ಸಿಂಡರಿಸಿಕೊಂಡೇ ಅವನ್ನು ಜೋಡಿಸಿದರು. ಗಾಡಿ ನಿಂತಿತು, ಸುಳ್ಳು ಹೇಳಬಾರದು. ನಾನು ಮಾತ್ರ ನಿಲ್ಲದೆ ಹೋಗಿ ಎದುರಿನ ಗಾಜಿಗೆ ಮೂಗು ಜಜ್ಜಿಕೊಂಡೆ. ಜೊತೆಗೆ ಬ್ರೇಕು ಒತ್ತಿದಾಗಲೆಲ್ಲ ಎಂಥ ಕಿರುಚಾಟ! ಕೋರ್ಟಿನ ಮುಂದೆ ನಿಲ್ಲಿಸಿದರೆ ಒಳಗೆ ಮುನಸೀಫರು ತೀರ್ಪು ಓದುವುದನ್ನು ನಿಲ್ಲಿಸಿ, "ವಕೀಲರು ಬಂದರು" ಎಂದು ಲೇಖನಿ ಕೆಳಗಿಡುತ್ತಿದ್ದರಂತೆ. ನಾಲ್ಕನೆಯ ದಿನ ಹುಸೇನಸಾಬರು ಚಕ್ರ ಬಿಚ್ಚಿ ಡ್ರಮ್ಮಿನೊಳಗೆ ಬೆರಳಾಡಿಸಿದರು. ಬೆರಳಿಗೆ ಕಬ್ಬಿಣದ ಪುಡಿ ಹತ್ತಿತ್ತು. "ಇವು ಗಾಡಿ ನಿಲ್ಲಸ್ತಾವ ವಕೀಲ್ ಸಾಬ್. ಆದ್ರ ಡ್ರಮ್ಮು ತಿಂತಾವ. ನಂಗ ಬ್ಯಾಡ" ಎಂದರು. ನಂಗ ಬ್ಯಾಡ ಎಂದಮೇಲೆ ಮುಗಿಯಿತು. ಗಾಡಿ ನನ್ನ ಹೆಸರಿನಲ್ಲಿತ್ತು, ಅಷ್ಟೇ.

ಆಮೇಲೆ ಶಹಾಪುರದ ನನ್ನ ಕಕ್ಷಿದಾರರೊಬ್ಬರ ಸಲಹೆ. ಅವರದು ಹತ್ತಿ ಗಿರಣಿ. ಯಂತ್ರ ತಿರುಗಿಸುವ ದಪ್ಪ ಬಟ್ಟೆಯ ಪಟ್ಟಾ ಹಳೆಯದಾಗಿ ಮೂಲೆಯಲ್ಲಿ ಸುರುಳಿ ಸುತ್ತಿ ಬಿದ್ದಿತ್ತು. "ಇದನ್ನ ಕತ್ತರಿಸಿ ಹಾಕ್ರಿ, ಬೆಣ್ಣಿ ಹಂಗ ಹಿಡೀತದ" ಎಂದರು. ಬೆಣ್ಣೆ ಏನನ್ನಾದರೂ ಹಿಡಿದದ್ದನ್ನು ನೀವು ಕಂಡಿದ್ದೀರಾ? ಆ ಕ್ಷಣಕ್ಕೆ ನನಗೆ ಹೊಳೆಯಲಿಲ್ಲ. ಹಾಕಿಸಿದೆವು. ಒಣ ರಸ್ತೆಯಲ್ಲಿ ಬಹಳ ಸೊಗಸು, ಸದ್ದಿಲ್ಲ, ಜಗ್ಗಾಟವಿಲ್ಲ. ಸುಟ್ಟ ಗೋಣಿಚೀಲದ ವಾಸನೆಯೊಂದು ಹಿಂದೆ ಬರುತ್ತಿತ್ತು, ಅಷ್ಟೇ. ಹತ್ತು ದಿನ ಕಳೆದು ಮಳೆಯಾಯಿತು. ಶಹಾಪುರದ ಹಾದಿಯ ಒಂದು ಹಳ್ಳದಲ್ಲಿ ಮೊಣಕಾಲುದ್ದ ನೀರು ದಾಟಿ ಹೋದೆ. ಪಟ್ಟಿಗಳು ನೀರು ಕುಡಿದು ಉಬ್ಬಿ, ತಾವು ಯಾಕೆ ಬಂದಿದ್ದೇವೆ ಎನ್ನುವುದನ್ನೇ ಮರೆತುಬಿಟ್ಟವು. ಶಹಾಪುರದ ಕೋರ್ಟಿನ ಅಂಗಳಕ್ಕೆ ಬಂದವನು, ಅಲ್ಲಿ ನಿಂತಿದ್ದ ಪರಿಚಯದವರಿಗೆಲ್ಲ ಕೈ ಮುಗಿಯುತ್ತ, ಅವರು ಮುಗಿಯುವ ಮೊದಲೇ ಮುಂದೆ ಸಾಗಿ, ಕಟ್ಟಡದ ಹಿಂದಿನ ಬೇವಿನ ಮರಕ್ಕೆ ಒರಗಿ ನಿಂತೆ. ಪೆಟ್ಟಾಗಲಿಲ್ಲ. ಆದರೆ ನೀಲಮ್ಮನಿಗೆ ಇದನ್ನು ಹೇಳುವ ಧೈರ್ಯವೂ ಆಗಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಹುಸೇನಸಾಬರು ಹೇಳಿದರು.

ಆ ವಾರದಲ್ಲೇ ಹೈದರಾಬಾದಿನಿಂದ ಅವರ ಮಗಳ ಕಾಗದ ಬಂತು. ಹುಸೇನಸಾಬರಿಗೆ ಓದು ಬರಹ ಬಾರದು; ಅವರ ಕಾಗದಗಳನ್ನು ಓದುವವನೂ ಬರೆಯುವವನೂ ನಾನೇ. ಅಬ್ಬಾಜಾನ್, ವಯಸ್ಸಾಯಿತು, ಒಬ್ಬರೇ ಯಾಕೆ ಇರುತ್ತೀರಿ, ಇಲ್ಲಿಗೆ ಬಂದುಬಿಡಿ ಎಂದು ಅವಳು ಬರೆದಿದ್ದಳು. ಓದಿ ಹೇಳಿದೆ. ಹುಸೇನಸಾಬರು ಚಹಾದ ಬಸಿಯನ್ನು ಕೆಳಗಿಟ್ಟು, "ಬರ್ತೀನಿ ಅಂತ ಬರೀರಿ. ಆದ್ರ ಗಾಡಿದು ಬ್ರೇಕು ಠೀಕ್ ಆದ ಮ್ಯಾಲ. ನಿಂದ್ರಲಾರದ ಗಾಡಿ ನಿಮ್ಮ ಕೈಯಾಗ ಕೊಟ್ಟು ಹ್ವಾದ್ರ ಅಲ್ಲಿ ನನಗ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲ" ಎಂದರು. ಹಾಗೆಯೇ ಬರೆದೆ. ಬರೆಯುವಾಗ ನನ್ನ ಲೇಖನಿ ಎಂದಿಗಿಂತ ನಿಧಾನವಾಗಿತ್ತು.

ಇನ್ನು ಊರ ಔಷಧ ಸಾಕು, ಮುಂಬಯಿಯಿಂದಲೇ ತರಿಸೋಣ ಎಂದು ಹುಸೇನಸಾಬರು ಹಟ ಹಿಡಿದರು. ಅಲ್ಲಿನ ಒಂದು ಅಂಗಡಿಗೆ ಕಾಗದ ಬರೆದೆವು. ಡ್ರಮ್ಮಿನ ಅಳತೆ ಕೇಳಿದರು. ಹುಸೇನಸಾಬರು ದರ್ಜಿಯಿಂದ ಟೇಪು ತಂದು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಮದುವಣಿಗನಿಗೆ ಶೇರವಾನಿ ಹೊಲಿಯುವಷ್ಟು ಶ್ರದ್ಧೆಯಿಂದ ಅಳೆದರು. ಕೆಲವು ವಾರ ಕಳೆದು ಯಾದಗಿರಿ ಸ್ಟೇಷನ್ನಿಗೆ ಪಾರ್ಸಲ್ ಬಂತು. ನಾನೇ ಹೋಗಿ ಬಿಡಿಸಿಕೊಂಡೆ. ಬಿಚ್ಚಿದರೆ ಒಳಗೆ ಎರಡು ಥರದ ಶೂಗಳು! ಒಂದರ ಪಟ್ಟಿ ಹಿತ್ತಾಳೆಯ ತಂತಿ ಸೇರಿಸಿ ನೇಯ್ದದ್ದು, ಕೊಂಚ ಮೆತ್ತಗೆ. ಇನ್ನೊಂದು ಅಚ್ಚಿನಲ್ಲಿ ಒತ್ತಿದ್ದು, ಕಲ್ಲಿನಂತೆ ಗಟ್ಟಿ, ನುಣುಪು. ಜೊತೆಗೆ ಚೀಟಿ: ಎರಡೂ ನಿಮ್ಮ ಗಾಡಿಗೆ ಹೊಂದುತ್ತವೆ, ಬೇಕಾದದ್ದನ್ನು ಆರಿಸಿಕೊಂಡು ಇನ್ನೊಂದನ್ನು ಹಿಂದಕ್ಕೆ ಕಳಿಸುವುದು.

ಆರಿಸಿಕೊಳ್ಳುವುದು! ಮುಂಬಯಿಯ ಆ ಅಂಗಡಿಯವರಿಗೆ ನನ್ನ ಮೇಲೆ ಯಾವ ಜನ್ಮದ ಹಗೆಯಿತ್ತೋ. ಬಸ್ಸಿನಲ್ಲಿ ಬರುವಾಗ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಯೋಚಿಸಿದೆ. ಮೊದಮೊದಲು ನನ್ನ ಹುಟ್ಟುಗುಣದಂತೆಯೇ ಯೋಚಿಸುತ್ತಿದ್ದೆ. ಶಹಾಪುರ ದಾಟುವ ಹೊತ್ತಿಗೆ ಬೇರೆಯದೇ ಒಂದು ಯೋಚನೆ ಬಂದು ಪಕ್ಕದಲ್ಲಿ ಕೂತಿತು. ಇದನ್ನು ಹುಸೇನಸಾಬರ ಕೈಗೆ ಕೊಟ್ಟರೆ ಎರಡು ದಿನದಲ್ಲಿ ಬ್ರೇಕು ಸರಿಹೋಗುತ್ತದೆ. ಮೂರನೆಯ ದಿನ ಕಟ್ಟೆಯ ಮೇಲೆ ಖಾಕಿ ಕೋಟು ಇರುವುದಿಲ್ಲ. ಗಾಡಿ ಹಾದಿಯಲ್ಲಿ ಎಲ್ಲೆಲ್ಲಿ ಕೆಟ್ಟು ನಿಂತಿತ್ತು, ಜಾಗೀರಿನ ಬೇಗಂ ಸಾಹೇಬರು ಹೇಗೆ ಕದ್ದು ಸ್ಟೇರಿಂಗು ಹಿಡಿಯುತ್ತಿದ್ದರು ಎಂದು ಅವರು ಹೇಳುವ ಕತೆಗಳಿರುವುದಿಲ್ಲ. ನಾನು ಗೇರು ಕೆರೆದರೆ ದವಡೆ ಹಿಡಿದುಕೊಳ್ಳುವವರು ಯಾರೂ ಇರುವುದಿಲ್ಲ. ಹಿತ್ತಲ ಬಾಗಿಲಿನಿಂದ ಮನೆಗೆ ಬಂದವನು ಪಾರ್ಸಲನ್ನು ನೆಲದ ಮೇಲಿದ್ದ ಕೇಸಿನ ಕಟ್ಟುಗಳ ಹಿಂದೆ ಮುಚ್ಚಿಟ್ಟು, ಮುಂಬಾಗಿಲಲ್ಲಿ ಕಾಯುತ್ತಿದ್ದ ಹುಸೇನಸಾಬರಿಗೆ, "ಇನ್ನಾ ಬಂದಿಲ್ರಿ" ಎಂದೆ. ಕೋರ್ಟಿನಲ್ಲಿ ಕೂಡ ನಾನು ಅಷ್ಟು ಸಲೀಸಾಗಿ ಸುಳ್ಳು ಹೇಳಿದವನಲ್ಲ. "ಬರ್ತದ ಬಿಡ್ರಿ, ಅರ್ಜಂಟ್ ಏನದ" ಎಂದು ಅವರು ಹೋದರು.

ಹೀಗೆ ಒಂದು ತಿಂಗಳ ಮೇಲಾಯಿತು. ಗಾಡಿ ನಮ್ಮ ಮನೆಯ ಮುಂದಿನ ಚಪ್ಪರದ ಕೆಳಗೆ, ಶೂಗಳು ಕಟ್ಟುಗಳ ಹಿಂದೆ, ಹುಸೇನಸಾಬರು ಕಟ್ಟೆಯ ಮೇಲೆ. ಒಂದು ಭಾನುವಾರ ನೀಲಮ್ಮ ಕಸ ಗುಡಿಸಲು ಕಟ್ಟುಗಳನ್ನು ಸರಿಸಿದಳು. ಆಮೇಲೆ ಪಾರ್ಸಲನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಪಡಸಾಲೆಗೆ ಬಂದು, "ಇದು ಯಾವ ಕೇಸಿನಾಗ ಜಪ್ತಿ ಆದ ಮುದ್ದೆಮಾಲ್ ರಿ?" ಎಂದಳು.

ನಾನು ಸುತ್ತಿ ಬಳಸಿ ಏನೇನೋ ಹೇಳಿದೆ. ಮೆತ್ತಗಿನದು, ಗಟ್ಟಿಯದು, ಎರಡರ ಗುಣದೋಷ, ಆಳವಾಗಿ ವಿಚಾರ ಮಾಡುವ ಅಗತ್ಯ. ಅವಳು ಅರ್ಧಕ್ಕೇ ಕೈಯೆತ್ತಿ ತಡೆದಳು. "ಹುಸೇನ ಕಾಕಾ ಹೋಗ್ತಾರಂತ ಮುಚ್ಚಿಟ್ಟೀರಿ. ಹೌದಲ್ರಿ?" ಎಂದಳು. ಅವಳು ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕಟ್ಟೆಗೆ ಹೋಗಿ ಪಾರ್ಸಲನ್ನು ಹುಸೇನಸಾಬರ ಮುಂದೆ ಇಟ್ಟಳು. "ಕಾಕಾ, ಇದು ತಿಂಗಳ ಹಿಂದ ಬಂದದ. ಇವರು ನಿಮಗ ಹೇಳಿಲ್ಲ. ನೀವ ಒಂದೀಟು ಬುದ್ಧಿ ಹೇಳ್ರಿ" ಎಂದಳು.

ನೆಲ ಬಾಯಿ ತೆರೆಯಬಾರದೇ ಎಂದು ನಾನು ಬಾಗಿಲ ಹಿಂದೆ ನಿಂತಿದ್ದೆ. ಹುಸೇನಸಾಬರು ಪಾರ್ಸಲನ್ನು ನೋಡಲಿಲ್ಲ, ನೀಲಮ್ಮನನ್ನೂ ನೋಡಲಿಲ್ಲ. ಗಾಡಿಯ ಗಾಲಿಯನ್ನೇ ನೋಡುತ್ತ, "ಗೊತ್ತದ ಅಕ್ಕಾರ" ಎಂದರು.

"ಏನ್ ಗೊತ್ತದ?"

"ಟೇಷನ್‌ದಾಗ ಪಾರ್ಸಲ್ ಕೊಡಾಂವ ನಮ್ಮ ಬೀಗರ ಪೈಕಿ. ಬಂದ ದಿನಾನ ಸುದ್ದಿ ಬಂತು ನನಗ."

"ಮತ್ಯಾಕ ಕೇಳಿಲ್ಲ?"

ಹುಸೇನಸಾಬರು ಒರೆಸುವ ಬಟ್ಟೆಯನ್ನು ಮಡಚಿದರು, ಬಿಚ್ಚಿದರು. "ವಕೀಲ್ ಸಾಬ್ ಮುಚ್ಚಿಟ್ಟಾರ ಅಂದ್ರ ಏನರ ಕಾರಣ ಇರ್ತದಂತ ಸುಮ್ನ ಕುಂತೆ. ಓದಿದ ಮಂದಿ ಅದಾರ" ಎಂದರು. ಆಮೇಲೆ ತಡೆಯಲಾರದೆ, "ಹೈದರಾಬಾದದಾಗ ಮಗಳ ಮನಿ ಮ್ಯಾಲಿನ ಅಂತಸ್ತಿನಾಗ ಅದ ಅಕ್ಕಾರ. ಕೆಳಗ ನೋಡಿದ್ರ ಬರೇ ಮಂದಿ. ಒಂದು ಗಾಡಿನೂ ನಮ್ಮದಲ್ಲ" ಎಂದರು.

ನೀಲಮ್ಮ ಅವರನ್ನು ನೋಡಿದಳು, ಬಾಗಿಲ ಸಂದಿಯಲ್ಲಿದ್ದ ನನ್ನನ್ನು ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕುಳಿತು ಪಾರ್ಸಲ್ ಬಿಚ್ಚಿದಳು. ಎರಡೂ ಥರದ ಒಂದೊಂದು ಶೂ ತೆಗೆದು, ಬದನೆಕಾಯಿ ನೋಡುವಂತೆ ಉಗುರಿನಿಂದ ಕೆರೆದಳು, ಬೆರಳಿನಿಂದ ಬಡಿದು ಕಿವಿಗೆ ಹಿಡಿದಳು. ನೇಯ್ದದ್ದನ್ನು ಮುಂದೆ ಸರಿಸಿ, "ಇದು ಇರ್ಲಿ. ಶೂ ಸವದ್ರ ಮತ್ತೊಂದು ತರಬಹುದು. ಡ್ರಮ್ಮು ಸವದ್ರ ಎಲ್ಲಿಂದ ತರ್ತೀರಿ?" ಎಂದಳು. ಒಂದು ತಿಂಗಳು ನಾನು ವಿಚಾರ ಮಾಡಿದ ಪ್ರಶ್ನೆಗೆ ಅವಳು ತೆಗೆದುಕೊಂಡ ಸಮಯ ಒಲೆಯ ಮೇಲಿನ ಹಾಲು ಉಕ್ಕುವುದಕ್ಕಿಂತ ಕಡಿಮೆ. ಹುಸೇನಸಾಬರು ಆ ಶೂವನ್ನು ಎರಡು ಕಣ್ಣಿಗೂ ಒತ್ತಿಕೊಂಡಷ್ಟು ಗೌರವದಿಂದ ತೆಗೆದುಕೊಂಡು, "ಅಕ್ಕಾರ, ನೀವು ಮೇಸ್ತ್ರಿ ಆಗಬೇಕಾಗಿತ್ತು" ಎಂದರು.

ಎರಡು ದಿನದಲ್ಲಿ ಶೂ ಕೂತವು. ಪರೀಕ್ಷೆಗೆ ಅದೇ ರಂಗಂಪೇಟೆಯ ಇಳಿಜಾರು. ನೀಲಮ್ಮ ತಾನೂ ಕೂಡುತ್ತೇನೆಂದಳು. ತಾನು ಆರಿಸಿದ್ದನ್ನು ತಾನೇ ನೋಡಬೇಕಂತೆ. ಇರುವುದು ಎರಡೇ ಸೀಟು. ಹುಸೇನಸಾಬರು ನನ್ನನ್ನು ಇಳಿಜಾರಿನ ಕೆಳಗೆ ನಡು ರಸ್ತೆಯಲ್ಲಿ ನಿಲ್ಲಿಸಿ, "ಇಲ್ಲೇ ನಿಂದ್ರಿ. ನಿಮ್ಮ ಮುಂದ ತಂದು ನಿಲ್ಲಸ್ತೀನಿ" ಎಂದು ಮೇಲೆ ಹೋದರು. ಕರಿಕೋಟು ಹಾಕಿಕೊಂಡು ನಿಂತೆ. ಮೇಲಿನಿಂದ ಹಸಿರು ಮೂತಿ ಕಾಣಿಸಿತು. ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು. ಆಮೇಲೆ ಏನಾಯಿತೋ ನನಗೆ ತಿಳಿಯದು. ನೀಲಮ್ಮನ ದನಿ ಹತ್ತಿರದಲ್ಲೇ ಕೇಳಿತು: "ಕಣ್ಣು ಯಾಕ ಮುಚ್ಚೀರಿ?" ತೆರೆದರೆ ಗಾಡಿ ನನ್ನಿಂದ ಒಂದು ಮೊಳ ದೂರದಲ್ಲಿ ಸದ್ದಿಲ್ಲದೆ ನಿಂತಿತ್ತು. ತಲೆಯ ಮೇಲೆ ಸೆರಗು ಹೊದ್ದ ನನ್ನ ಹೆಂಡತಿ ಜಾಗೀರಿನ ರಾಣಿಯಂತೆ ಕೂತಿದ್ದಳು. ನಾನು ಅವಳನ್ನು ಅಷ್ಟು ಚಂದ ಎಂದೂ ನೋಡಿರಲಿಲ್ಲ. ಅಷ್ಟು ಹೆದರಿದ್ದೂ ಇಲ್ಲ.

ಆಮೇಲೆ ನನ್ನ ಸರದಿ. ನನ್ನ ಮುಂದೆ ಬಂದು ನಿಲ್ಲಲು ಇಬ್ಬರೂ ಒಪ್ಪಲಿಲ್ಲ. ಹುಸೇನಸಾಬರು ಪಕ್ಕದ ಅಂಗಡಿಯಿಂದ ಒಂದು ಖಾಲಿ ಚಿಮಣಿ ಎಣ್ಣೆಯ ಡಬ್ಬಿ ತಂದು ನಡು ರಸ್ತೆಯಲ್ಲಿಟ್ಟರು. ನಾನು ಗಂಭೀರವಾಗಿ ಇಳಿದು ಬಂದೆ. ಶೂಗಳು ಹೊಸವು, ಡ್ರಮ್ಮು ನುಣುಪು, ಎಲ್ಲ ಸರಿಯಾಗಿತ್ತು. ಬ್ರೇಕು ಎಂದುಕೊಂಡು ನಾನು ತುಳಿದದ್ದು ಬೇರೆಯದನ್ನು. ಡಬ್ಬಿ ರಂಗಂಪೇಟೆಯ ಅರ್ಧ ದಾರಿಯವರೆಗೆ ಉರುಳಿತು. ಸದ್ದು ಕೇಳಿ ಹೊರಗೆ ಬಂದ ಜನ ನನಗೆ ನಮಸ್ಕಾರ ಮಾಡಿದರು.

ಮರುದಿನ ಬೆಳಗ್ಗೆ ಚಹಾ ಮುಗಿಸಿದ ಹುಸೇನಸಾಬರು, "ಮಗಳಿಗೆ ಒಂದು ಕಾಗದ ಬರೀರಿ ವಕೀಲ್ ಸಾಬ್" ಎಂದರು. ಶಾಯಿ ತಂದು ಕೂತೆ. ನೀಲಮ್ಮ ಹೊಸ್ತಿಲಿಗೆ ಬಂದು ನಿಂತಳು. ಅವರು ತಮ್ಮ ಉರ್ದುವಿನಲ್ಲಿ ನಿಧಾನವಾಗಿ ಹೇಳುತ್ತ ಹೋದರು. ಬೇಟಿ, ಗಾಡಿಯ ಬ್ರೇಕು ಠೀಕಾಗಿದೆ. ಅಲ್ಲಾನ ದಯೆ, ಅಕ್ಕಾರ ಜಾಣತನ. ಆದರೆ ಅದನ್ನು ತುಳಿಯುವ ಮನುಷ್ಯ ಇನ್ನೂ ಠೀಕಾಗಿಲ್ಲ. ಒಳ್ಳೆಯ ಮನುಷ್ಯ, ಓದಿದ ಮನುಷ್ಯ. ಎಡಗಾಲು ಯಾವುದು ಬಲಗಾಲು ಯಾವುದು ಎಂದು ಮಾತ್ರ ಗೊತ್ತಿಲ್ಲ. ಕಲಿಯಲು ಬಹಳ ವರ್ಷ ಹಿಡಿಯುವ ಹಾಗೆ ಕಾಣುತ್ತದೆ. ಅಲ್ಲಿಯವರೆಗೆ ನಾನು ಬರಲಾರೆ. ಹಬ್ಬಕ್ಕೆ ಬಂದು ನಿನ್ನ ಮಕ್ಕಳ ಮುಖ ನೋಡಿಕೊಂಡು ಹೋಗುತ್ತೇನೆ.

ನಾನು ಲೇಖನಿ ಎತ್ತಿ, "ಇದನ್ನ ಹಿಂಗ ಬರೀಬೇಕೇನ್ರಿ?" ಎಂದೆ.

"ಖರೇ ಇದ್ದದ್ದು ಬರೀರಿ" ಎಂದಳು ನೀಲಮ್ಮ.

ಬರೆದೆ. ನನ್ನ ಅತ್ಯಂತ ಚಂದದ ಅಕ್ಷರದಲ್ಲಿ, ಒಂದು ಮಾತನ್ನೂ ಬಿಡದೆ ಬರೆದೆ. ಆಮೇಲೆ ಕೋರ್ಟಿನ ರೂಢಿಯಂತೆ ಕಾಗದದ ಕೊನೆಯಲ್ಲಿ, ಮೇಲೆ ಬರೆದದ್ದನ್ನು ಓದಿ ಹೇಳಲಾಗಿ, ಎಲ್ಲವೂ ನಿಜವೆಂದು ಒಪ್ಪಿದ್ದಾರೆ ಎಂದು ಸೇರಿಸಿ, ಸಾಕ್ಷಿಯ ಜಾಗದಲ್ಲಿ ನಾನೇ ರುಜು ಹಾಕಿದೆ. ಇಂಥ ದಸ್ತಾವೇಜಿಗೆ ಒಬ್ಬ ಸಾಕ್ಷಿ ಸಾಲದೆಂದು ನನ್ನ ಹೆಂಡತಿ ಲೇಖನಿ ಕಸಿದುಕೊಂಡು, ಅದರ ಕೆಳಗೆ ತನ್ನದೂ ಹಾಕಿದಳು.